ಮಗುವನ್ನು ಗದರಿಸುವ ಮುನ್ನ ಮನೆಯನ್ನು ಸರಿಪಡಿಸೋಣ

(ಸಂಘದ ವಾರ್ಷಿಕ ಸಮ್ಮೇಳನದ ಅಂಗವಾಗಿ ಏರ್ಪಡಿಸಿದ್ದ ಪೋಷಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ಇಂತಹ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಮಕ್ಕಳ ಓದಿನ ಬಗ್ಗೆ, ಅಂಕಗಳ ಬಗ್ಗೆ, ವಿದ್ಯಾರ್ಥಿವೇತನದ ಬಗ್ಗೆ ಮಾತನಾಡುತ್ತೇವೆ. ಅದು ಅಗತ್ಯವೂ ಹೌದು. ಆದರೆ ಶಾಲೆಯ ಮೆಟ್ಟಿಲು ಹತ್ತುವ ವಯಸ್ಸಿಗೆ ಮೊದಲೇ ನಾವು ಕಳೆದುಕೊಳ್ಳುವ ಮಕ್ಕಳ ಬಗ್ಗೆ ಮಾತನಾಡುವುದು ಬಹಳ ಕಡಿಮೆ. ಜ್ವರವಲ್ಲ, ಕಾಯಿಲೆಯಲ್ಲ, ಆಟವಾಡುತ್ತಿದ್ದ ಮಗು ಐದು ನಿಮಿಷದಲ್ಲಿ ಇಲ್ಲವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನಲ್ಲಿ ಹದಿನೆಂಟು ವರ್ಷದೊಳಗಿನ 2000ಕ್ಕೂ ಹೆಚ್ಚು ಮಕ್ಕಳು ದಿನಂಪ್ರತಿ ಇಂತಹ ಆಕಸ್ಮಿಕಗಳಿಂದ ಸಾಯುತ್ತಿದ್ದರು. ಈಗಾಗಲೇ ಗೊತ್ತಿರುವ ಸರಳ ಕ್ರಮಗಳನ್ನು ಎಲ್ಲೆಡೆ ಕೈಗೊಂಡರೆ ದಿನಕ್ಕೆ ಕನಿಷ್ಠ 1000 ಮಕ್ಕಳನ್ನು ಉಳಿಸಬಹುದೆಂದೂ ಅದೇ ವರದಿ ಹೇಳಿತು. ಅದು ಪಟ್ಟಿ ಮಾಡಿದ ಮುಖ್ಯ ಕಾರಣಗಳು ಐದು: ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು, ಸುಟ್ಟಗಾಯ, ಬೀಳುವುದು ಮತ್ತು ವಿಷ ಸೇವನೆ. ರಸ್ತೆಯನ್ನು ಬಿಟ್ಟರೆ ಉಳಿದ ನಾಲ್ಕೂ ಪುಟ್ಟ ಮಕ್ಕಳಿಗೆ ಕಾದು ಕುಳಿತಿರುವುದು ಹೆಚ್ಚಾಗಿ ಮನೆಯೊಳಗೆ, ಇಲ್ಲವೇ ಮನೆಯ ಅಂಗಳದಲ್ಲಿ.

ವಿಧಿ ಮತ್ತು ಹೊಣೆ

ಒಂದು ಮನೆಯಲ್ಲಿ ಇಂತಹ ದುರಂತ ನಡೆದಾಗ ನಾವು ಹೋಗಿ "ಎಲ್ಲವೂ ಅಲ್ಲಾಹನ ತೀರ್ಮಾನ, ಸಹನೆ ವಹಿಸಿ" ಎಂದು ಸಾಂತ್ವನ ಹೇಳುತ್ತೇವೆ. ಅದು ನಮ್ಮ ವಿಶ್ವಾಸ, ನೊಂದವರಿಗೆ ಹೇಳಬೇಕಾದ ಮಾತೂ ಅದೇ. ಆದರೆ ಅಲ್ಲಿಂದ ಹಿಂತಿರುಗಿ ಬಂದವರು ತಮ್ಮ ಮನೆಯ ತೆರೆದ ಸಂಪನ್ನು ನೋಡಿಯೂ ಸುಮ್ಮನಿದ್ದರೆ, ಅದೇ ಮಾತು ಸಾಂತ್ವನವಾಗಿ ಉಳಿಯುವುದಿಲ್ಲ, ನೆಪವಾಗುತ್ತದೆ. ಒಂಟೆಯನ್ನು ಕಟ್ಟಿ ಭರವಸೆ ಇಡಲೋ, ಕಟ್ಟದೆ ಭರವಸೆ ಇಡಲೋ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡು ಎಂಬ ಅರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ಕೊಟ್ಟದ್ದನ್ನು ನಾವೆಲ್ಲ ಕೇಳಿದ್ದೇವೆ. ಸಂಪಿಗೆ ಮುಚ್ಚಳ ಹಾಕುವುದು ಒಂಟೆಯನ್ನು ಕಟ್ಟುವ ಕೆಲಸ.

ಇನ್ನೊಂದು ಮಾತನ್ನು ಗಮನಿಸಬೇಕು. ಮೂರು ವರ್ಗದವರ ಕರ್ಮಗಳನ್ನು ಬರೆಯುವ ಲೇಖನಿಯನ್ನು ಎತ್ತಿಡಲಾಗಿದೆ ಎಂದು ಹದೀಸ್‌ನಲ್ಲಿದೆ. ಅವರಲ್ಲಿ ಪ್ರೌಢನಾಗದ ಮಗುವೂ ಒಬ್ಬ. ಶರೀಅತ್ತೇ ಮಗುವನ್ನು ಹೊಣೆಗಾರನನ್ನಾಗಿ ಮಾಡಿಲ್ಲ. ಹೀಗಿರುವಾಗ ನಾವು ಎರಡು ವರ್ಷದ ಕೂಸಿಗೆ "ಅಲ್ಲಿ ಹೋಗಬೇಡ, ಇದನ್ನು ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದ್ದೇನೆ" ಎನ್ನುತ್ತೇವಲ್ಲ, ಇದು ಯಾವ ನ್ಯಾಯ? ಮುಟ್ಟುವುದು, ಎಳೆಯುವುದು, ಬಾಯಿಗೆ ಹಾಕುವುದು, ಹತ್ತುವುದು ಆ ವಯಸ್ಸಿನ ಮಗುವಿನ ಕಲಿಕೆ. ಅದು ಕಲಿಯುವುದೇ ಹಾಗೆ. ಅದನ್ನು ನಿಲ್ಲಿಸಲು ನಮ್ಮಿಂದ ಆಗದು, ನಿಲ್ಲಿಸಲೂಬಾರದು. ಬದಲಾಗಬೇಕಾದದ್ದು ಮಗುವಲ್ಲ, ಮನೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಹಾಗಾದರೆ ಮನೆಯನ್ನು ಬದಲಿಸಬೇಕಾದವರು ಯಾರು? ಏನಾದರೂ ಆದರೆ ಎಲ್ಲರ ಬೆರಳೂ ತಾಯಿಯ ಕಡೆಗೆ ತಿರುಗುತ್ತದೆ. "ನೀನು ಎಲ್ಲಿ ನೋಡುತ್ತಿದ್ದೆ?" ಎಂದು ಕೇಳುತ್ತೇವೆ. ಅಡುಗೆ, ಬಟ್ಟೆ, ಅತ್ತೆ ಮಾವಂದಿರ ಆರೈಕೆ, ದೊಡ್ಡ ಮಕ್ಕಳ ಶಾಲೆಯ ಬುತ್ತಿ, ಇಷ್ಟರ ನಡುವೆ ಒಂದು ಜೊತೆ ಕಣ್ಣುಗಳು ದಿನವಿಡೀ ಮಗುವಿನ ಮೇಲೆಯೇ ಇರಲು ಸಾಧ್ಯವೇ? ಬಾವಿಗೆ ಕಟ್ಟೆ ಕಟ್ಟುವುದು, ಬಾಲ್ಕನಿಗೆ ಗ್ರಿಲ್ ಹಾಕುವುದು, ಸ್ವಿಚ್ ಬೋರ್ಡ್ ಬದಲಿಸುವುದು, ಇವಕ್ಕೆಲ್ಲ ಹಣ ಕೊಡುವವರೂ ತೀರ್ಮಾನಿಸುವವರೂ ಹೆಚ್ಚಾಗಿ ಗಂಡಸರು. ನಿಮ್ಮಲ್ಲಿ ಪ್ರತಿಯೊಬ್ಬರೂ ಮೇಲ್ವಿಚಾರಕರು, ತಮ್ಮ ಅಧೀನದಲ್ಲಿರುವವರ ಬಗ್ಗೆ ಪ್ರತಿಯೊಬ್ಬರನ್ನೂ ಪ್ರಶ್ನಿಸಲಾಗುವುದು ಎಂಬ ಅರ್ಥದ ಪ್ರಸಿದ್ಧ ಹದೀಸ್‌ನಲ್ಲಿ ಪುರುಷನ ಹೆಸರೂ ಇದೆ, ಸ್ತ್ರೀಯ ಹೆಸರೂ ಇದೆ. ಗಲ್ಫಿನಲ್ಲಿ ಬೆವರು ಸುರಿಸಿ ದುಡಿದ ಹಣದಿಂದ ನಮ್ಮ ಸಹೋದರರು ಮನೆ ಕಟ್ಟಿಸುತ್ತಾರೆ. ಗೇಟಿಗೆ, ನುಣುಪಾದ ಗ್ರಾನೈಟಿಗೆ, ಛಾವಣಿಯ ಅಲಂಕಾರಕ್ಕೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಬಾವಿಯ ಬಾಯಿಗೆ ಒಂದು ಕಬ್ಬಿಣದ ಜಾಲರಿ ಹಾಕಿಸಲು ಮಾತ್ರ "ಮುಂದಿನ ಸಲ ಊರಿಗೆ ಬಂದಾಗ ನೋಡೋಣ" ಎನ್ನುತ್ತೇವೆ.

ನೀರು

ನೀರಿನಿಂದಲೇ ಆರಂಭಿಸುತ್ತೇನೆ. ಮಗು ಮುಳುಗಬೇಕಾದರೆ ಹೊಳೆ, ಕೆರೆಯೇ ಬೇಕೆಂದಿಲ್ಲ. ಬಚ್ಚಲುಮನೆಯ ಬಕೆಟ್ ಸಾಕು. ಒಂದೆರಡು ವರ್ಷದ ಮಗುವಿನ ತಲೆ ಅದರ ದೇಹಕ್ಕೆ ಹೋಲಿಸಿದರೆ ಬಹಳ ಭಾರ. ಬಕೆಟಿನೊಳಗೆ ಬಗ್ಗಿ ನೀರಾಟ ಆಡುವಾಗ ತಲೆಕೆಳಗಾಗಿ ಬಿದ್ದರೆ, ಕೈಯೂರಿ ಮೇಲೆಳಲು ಅದಕ್ಕೆ ಶಕ್ತಿಯಿರುವುದಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಕೂಗಾಟ, ಒದ್ದಾಟವೂ ಇರುವುದಿಲ್ಲ. ಮುಳುಗುವ ಮಗು ಸದ್ದಿಲ್ಲದೆ ಮುಳುಗುತ್ತದೆ. ಆದುದರಿಂದ ಸ್ನಾನವಾದ ಕೂಡಲೇ ಬಕೆಟನ್ನು ಬರಿದು ಮಾಡಿ ಬೋರಲು ಹಾಕಿ. ನೀರಿನ ಅಭಾವವಿರುವ ಊರುಗಳಲ್ಲಿ ತುಂಬಿಸಿಡಲೇಬೇಕಾದರೆ ಗಟ್ಟಿ ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಸಿ. ಬಚ್ಚಲುಮನೆಯ ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಹೊರಗಿನಿಂದ ಒಂದು ಚಿಲಕ ಹಾಕಿಸಿ. ಇದರ ಖರ್ಚು ಒಂದು ಹೊತ್ತಿನ ಬಿರಿಯಾನಿಗಿಂತ ಕಡಿಮೆ.

ಸಂಪಿನ ಮುಚ್ಚಳ ಸಡಿಲವಾಗಿದ್ದರೆ ಬೀಗ ಹಾಕಿಸಿ. ಶೌಚ ಗುಂಡಿಯ ಮೇಲಿನ ಚಪ್ಪಡಿ ಒಡೆದಿದ್ದರೆ ಇಂದೇ ಬದಲಿಸಿ. ಬಾವಿಗೆ ಮಗು ಹತ್ತಲಾಗದ ಎತ್ತರದ ಕಟ್ಟೆ ಮತ್ತು ಮೇಲೆ ಜಾಲರಿ ಎರಡೂ ಇರಲಿ. ಕಟ್ಟೆಯ ಬಳಿ ಕಲ್ಲು, ಸ್ಟೂಲು, ಮಗುಚಿಟ್ಟ ಬುಟ್ಟಿ ಇದ್ದರೆ ಅದೇ ಮಗುವಿಗೆ ಏಣಿಯಾಗುತ್ತದೆ. ನಮ್ಮ ಮಸೀದಿಗಳಲ್ಲಿ ವುಝೂ ಮಾಡುವ ತೆರೆದ ಹೌಝ್ ಇದ್ದರೆ ಅದರ ಸುತ್ತ ಕಂಬಿ ಹಾಕುವ ಬಗ್ಗೆ ಜಮಾಅತ್ ಸಮಿತಿಗಳು ಯೋಚಿಸಬೇಕು.

ಬಾಂಗ್ಲಾದೇಶದ ಒಂದು ಅನುಭವ ನಮಗೆ ಪಾಠವಾಗಬೇಕು. ಹಳ್ಳಿಗಳಲ್ಲಿ ಮನೆಮನೆಯ ಹಿಂದೆ ಕೊಳಗಳಿರುವ ದೇಶವದು. ಸಣ್ಣ ಮಕ್ಕಳು ಯಾವ ಹೊತ್ತಿನಲ್ಲಿ ಮುಳುಗುತ್ತಾರೆ ಎಂದು ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದಾಗ, ಹೆಚ್ಚಿನವರು ಬೆಳಗಿನ ಹೊತ್ತು, ತಾಯಂದಿರು ಅಡುಗೆ ಕೆಲಸದಲ್ಲಿ ಮುಳುಗಿರುವಾಗ ಎಂಬುದು ತಿಳಿಯಿತು. ಅವರು ತಾಯಂದಿರಿಗೆ ಬೈಯಲಿಲ್ಲ. ಹಳ್ಳಿಯ ಒಂದು ಮನೆಯ ಕೋಣೆಯಲ್ಲಿ, ತರಬೇತಿ ಪಡೆದ ಊರಿನ ಹೆಣ್ಣುಮಗಳೊಬ್ಬಳ ಉಸ್ತುವಾರಿಯಲ್ಲಿ, ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳನ್ನು ತೆರೆದರು. ಅವಕ್ಕೆ 'ಆಂಚಲ್' ಎಂದು ಹೆಸರು. ಬಂಗಾಳಿಯಲ್ಲಿ ಅದರ ಅರ್ಥ ಸೆರಗು. ಆ ಕೇಂದ್ರಗಳಿಗೆ ಬರುವ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇಕಡಾ 80ಕ್ಕಿಂತ ಹೆಚ್ಚು ಕಡಿಮೆಯಾಯಿತು ಎಂದು ಅಧ್ಯಯನಗಳು ತೋರಿಸಿವೆ. ಯಂತ್ರವಿಲ್ಲ, ದೊಡ್ಡ ಕಟ್ಟಡವಿಲ್ಲ. ನಾಲ್ಕು ಗಂಟೆಗಳ ಒಂದು ಸೆರಗು ಮಾತ್ರ.

ಬೆಂಕಿ ಮತ್ತು ಬಿಸಿ

ಮಲಗುವ ಮುನ್ನ ದೀಪ ಆರಿಸಬೇಕು, ಪಾತ್ರೆಗಳನ್ನು ಮುಚ್ಚಬೇಕು, ಬಾಗಿಲು ಹಾಕಬೇಕು, ಮುಸ್ಸಂಜೆಯಲ್ಲಿ ಮಕ್ಕಳನ್ನು ಮನೆಯೊಳಗೆ ಇಟ್ಟುಕೊಳ್ಳಬೇಕು ಎಂಬ ಸೂಚನೆಗಳು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿವೆ. ದೀಪ ಆರಿಸಲು ಅಲ್ಲಿ ಕಾರಣವನ್ನೂ ಹೇಳಲಾಗಿದೆ: ಇಲಿ ಬತ್ತಿಯನ್ನು ಎಳೆದು ಮನೆಮಂದಿಯನ್ನು ಸುಟ್ಟೀತು. ಎಷ್ಟು ಸೂಕ್ಷ್ಮವಾದ ಗಮನ ನೋಡಿ! ಅಪಾಯ ಎಲ್ಲಿಂದ, ಹೇಗೆ ಬರುತ್ತದೆ ಎಂದು ಮೊದಲೇ ಯೋಚಿಸಿ ತಡೆಯುವ ಈ ಗುಣ ನಮ್ಮ ಸುನ್ನತ್ತಿನ ಭಾಗ. ಶ್ರೀಲಂಕಾದ ಶಸ್ತ್ರವೈದ್ಯ ವಿಜಯ ಗೊಡಕುಂಬುರ ಅವರು ಬಾಟಲಿ ದೀಪ ಉರುಳಿ ಸುಟ್ಟುಕೊಂಡು ಬರುವವರಿಗೆ ಚಿಕಿತ್ಸೆ ಕೊಟ್ಟು ಕೊಟ್ಟು ಬೇಸತ್ತು, ಉರುಳದಂತಹ, ಗಿಡ್ಡ, ಭಾರವಾದ, ಮುಚ್ಚಳಕ್ಕೆ ತಿರುಪು ಇರುವ ದೀಪವನ್ನು ರೂಪಿಸಿದರು. ಆ ಕೆಲಸಕ್ಕೆ 1998ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಜನರಿಗೆ ಎಚ್ಚರ ಹೇಳುವುದರ ಜೊತೆಗೆ ದೀಪವನ್ನೇ ಬದಲಿಸಿದ್ದು ಅವರ ಜಾಣ್ಮೆ.

ಇಂದು ನಮ್ಮ ಮನೆಗಳಲ್ಲಿ ಬಾಟಲಿ ದೀಪ ವಿರಳ. ಮಕ್ಕಳನ್ನು ಹೆಚ್ಚಾಗಿ ಸುಡುವುದು ಬಿಸಿನೀರು, ಚಹಾ, ಗಂಜಿ, ಸಾರು. ಮಗುವಿನ ಚರ್ಮ ತೆಳು. ದೊಡ್ಡವರು ತಾಳಿಕೊಳ್ಳುವ ಬಿಸಿ ಅದಕ್ಕೆ ಆಳವಾದ ಗಾಯ ಮಾಡುತ್ತದೆ. ಸ್ನಾನಕ್ಕೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ, ಮೊಣಕೈ ಅದ್ದಿ ನೋಡಿ. ಗೀಸರಿನ ಉಷ್ಣತೆ 50 ಡಿಗ್ರಿಗಿಂತ ಮೇಲಿರದಂತೆ ಹೊಂದಿಸಿ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಚಹಾ ಕುಡಿಯಬೇಡಿ. ಮೇಜಿನ ಮೇಲೆ ಜೋತುಬೀಳುವ ಬಟ್ಟೆ ಹಾಸಬೇಡಿ, ಮಗು ಅದನ್ನು ಎಳೆದರೆ ಮೇಲಿದ್ದುದೆಲ್ಲ ತಲೆಯ ಮೇಲೆ. ಬಾಣಲೆ, ಪಾತ್ರೆಗಳ ಹಿಡಿ ಒಳಗಡೆಗೆ ತಿರುಗಿರಲಿ.

ರಮಝಾನ್ ತಿಂಗಳಲ್ಲಿ ವಿಶೇಷ ಎಚ್ಚರ ಬೇಕು. ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಅಡುಗೆಮನೆಯಲ್ಲಿ ಸಮೋಸ ಕರಿಯುವ ಎಣ್ಣೆ ಕುದಿಯುತ್ತಿರುತ್ತದೆ, ಉಪವಾಸದ ಆಯಾಸ ಇರುತ್ತದೆ, ಬಾಂಗ್ ಆಗುವುದರೊಳಗೆ ಎಲ್ಲ ಮುಗಿಸಬೇಕೆಂಬ ಅವಸರ ಇರುತ್ತದೆ, ಮಕ್ಕಳು ಕಾಲಿಗೆ ಸುತ್ತಿಕೊಂಡಿರುತ್ತಾರೆ. ಆ ಅರ್ಧ ಗಂಟೆ ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ನೋಡಿಕೊಳ್ಳುವುದು ಮನೆಯ ಗಂಡಸರ, ದೊಡ್ಡ ಹುಡುಗರ ಕೆಲಸವಾಗಲಿ. ಮದುವೆ ಮನೆಗಳಲ್ಲಿ ಬಿರಿಯಾನಿಯ ದೇಗ್‌ಗಳನ್ನು ನೆಲದ ಮೇಲಿಡುವಾಗ ಸುತ್ತ ಹಗ್ಗ ಕಟ್ಟಿ, ಒಬ್ಬ ಯುವಕನನ್ನು ಕಾವಲಿಗೆ ನಿಲ್ಲಿಸಿ.

ಔಷಧ, ವಿಷ ಮತ್ತು ಸುರ್ಮಾ

ಅಜ್ಜ ಅಜ್ಜಿಯ ಮಾತ್ರೆಗಳು ಹೆಚ್ಚಾಗಿ ತಲೆದಿಂಬಿನ ಪಕ್ಕದಲ್ಲಿರುತ್ತವೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದೇ ಒಂದನ್ನು ನುಂಗಿದರೂ ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಗರ್ಭಿಣಿಯರಿಗೆ, ಶಾಲೆಯ ಹೆಣ್ಣುಮಕ್ಕಳಿಗೆ ಕೊಡುವ ಬಣ್ಣದ ಕಬ್ಬಿಣಾಂಶದ ಮಾತ್ರೆಗಳು ಮಗುವಿನ ಕಣ್ಣಿಗೆ ಮಿಠಾಯಿ. ಹೆಚ್ಚು ನುಂಗಿದರೆ ಅವು ಪ್ರಾಣಕ್ಕೇ ಎರವಾಗುತ್ತವೆ. ಔಷಧಗಳಿಗೆಲ್ಲ ಎತ್ತರದಲ್ಲಿ, ಬೀಗವಿರುವ ಒಂದು ಪೆಟ್ಟಿಗೆ ಇರಲಿ. ಮಗುವಿಗೆ ಔಷಧ ಕೊಡುವಾಗ "ಇದು ಚಾಕಲೇಟು" ಎಂದು ಎಂದೂ ಹೇಳಬೇಡಿ. ಸೀಮೆಎಣ್ಣೆ, ಫಿನಾಯಿಲ್, ಆ್ಯಸಿಡ್, ಪೇಂಟಿನ ತಿನ್ನರ್ ಇವನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಸಿಡುವ ಅಭ್ಯಾಸವನ್ನು ಇಂದೇ ಬಿಡಬೇಕು. ಟ್ಯೂಬಿನಲ್ಲಿ ಬರುವ ಇಲಿ ಪಾಷಾಣ ಟೂತ್‌ಪೇಸ್ಟಿನಂತೆಯೇ ಕಾಣುತ್ತದೆ. ಅದರಲ್ಲಿರುವ ಹಳದಿ ರಂಜಕ ಪಿತ್ತಜನಕಾಂಗವನ್ನೇ ಹಾಳುಮಾಡುತ್ತದೆ. ಮೊದಲ ಒಂದೆರಡು ದಿನ ಮಗು ಚೆನ್ನಾಗಿಯೇ ಕಂಡರೂ ಮೋಸ ಹೋಗಬಾರದು.

ಸುರ್ಮಾದ ಬಗ್ಗೆಯೂ ಒಂದು ಮಾತು. ಹದೀಸ್‌ಗಳಲ್ಲಿ ಹೇಳಿರುವುದು 'ಇಸ್ಮಿದ್' ಎಂಬ ಅಂಜನ. ಇಂದು ಮಾರುಕಟ್ಟೆಯಲ್ಲಿ ಸಿಗುವ ಸುರ್ಮಾಗಳನ್ನು ಪರೀಕ್ಷಿಸಿದಾಗ ಅನೇಕವುಗಳಲ್ಲಿ ಸೀಸದ ಅಂಶ ಹೆಚ್ಚಾಗಿ ಕಂಡುಬಂದಿದೆ. ಕಣ್ಣಿಗೆ ಹಚ್ಚಿದ್ದನ್ನು ಮಗು ಕೈಯಿಂದ ಉಜ್ಜಿ ಬಾಯಿಗೆ ಹಾಕುತ್ತದೆ. ಸೀಸ ಬೆಳೆಯುವ ಮೆದುಳಿಗೆ ವಿಷ. ಕಲಿಯುವ ಶಕ್ತಿಯನ್ನೇ ಕುಂದಿಸುತ್ತದೆ. ವಿದ್ಯೆಗಾಗಿಯೇ ಇರುವ ಸಂಘದಲ್ಲಿ ಈ ವಿಷಯ ಹೇಳದಿದ್ದರೆ ತಪ್ಪಾದೀತು. ಎಳೆ ಮಕ್ಕಳ ಕಣ್ಣಿಗೆ ಅದನ್ನು ಹಚ್ಚದಿರುವುದೇ ಒಳ್ಳೆಯದು.

ಎತ್ತರ, ವಿದ್ಯುತ್ ಮತ್ತು ಗಂಟಲು

ತಡೆಗೋಡೆಯಿಲ್ಲದ ಛಾವಣಿಯ ಮೇಲೆ ಮಲಗುವುದರ ವಿರುದ್ಧ ಎಚ್ಚರಿಕೆ ಅಬೂದಾವೂದ್ ಗ್ರಂಥದ ಒಂದು ಹದೀಸ್‌ನಲ್ಲಿದೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಮಹಡಿ ಕಿಟಕಿಗಳಿಂದ ಮಕ್ಕಳು ಬಿದ್ದು ಸಾಯುವುದು ಹೆಚ್ಚಾದಾಗ, ಹತ್ತು ವರ್ಷದವರೆಗಿನ ಮಕ್ಕಳಿರುವ ಬಾಡಿಗೆ ಮನೆಗಳ ಕಿಟಕಿಗಳಿಗೆ ಮಾಲೀಕರು ಕಂಬಿ ಹಾಕಿಸಲೇಬೇಕೆಂದು 1976ರಲ್ಲಿ ನಿಯಮ ಬಂತು. ಬೀಳುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ನಮ್ಮಲ್ಲೂ ಫ್ಲಾಟುಗಳು ಹೆಚ್ಚುತ್ತಿವೆ. ಬಾಲ್ಕನಿಯ ಕಂಬಿಗಳು ಅಡ್ಡಡ್ಡ ಇದ್ದರೆ ಮಗುವಿಗೆ ಅದೇ ಮೆಟ್ಟಿಲು. ಕಂಬಿಗಳು ನೇರವಾಗಿರಲಿ, ನಡುವಿನ ಅಂತರ ನಾಲ್ಕು ಅಂಗುಲಕ್ಕಿಂತ ಕಡಿಮೆಯಿರಲಿ. ಕಿಟಕಿಯ ಬಳಿ ಮಂಚ, ಸೋಫಾ ಬೇಡ. ಟಿ.ವಿ. ಮತ್ತು ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಸೀರೆಯ ಜೋಕಾಲಿಯಲ್ಲಿ ದೊಡ್ಡ ಮಕ್ಕಳು ಗಿರಗಿರನೆ ಸುತ್ತಿ ಆಡುವಾಗ ಬಟ್ಟೆ ಕುತ್ತಿಗೆಗೆ ಬಿಗಿದುಕೊಳ್ಳುತ್ತದೆ. ಆಟ ಮುಗಿದ ಮೇಲೆ ಅದನ್ನು ಬಿಚ್ಚಿಡಿ.

ವಿದ್ಯುತ್ತಿನ ವಿಷಯದಲ್ಲಿ ಮುಖ್ಯವಾಗಿ ಎರಡು. ಒಂದು, ಮಗು ಕಡ್ಡಿ ತೂರಿಸಲಾಗದಂತೆ ಒಳಗೆ ಶಟರ್ ಇರುವ ಸಾಕೆಟ್. ಇನ್ನೊಂದು, ವಿದ್ಯುತ್ ಸೋರಿದ ಕ್ಷಣಾರ್ಧದಲ್ಲಿ ಪೂರೈಕೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಸಾಮಾನ್ಯ ಫ್ಯೂಸ್ ಅಥವಾ ಎಂಸಿಬಿ ತಂತಿಯನ್ನು ಕಾಪಾಡುತ್ತದೆ. ಮನುಷ್ಯನನ್ನು ಕಾಪಾಡಲು ಆರ್‌ಸಿಸಿಬಿ ಬೇಕು, ಅದರ ಜೊತೆ ಸರಿಯಾದ ಅರ್ತಿಂಗ್ ಬೇಕು.

ಐದು ವರ್ಷ ತುಂಬುವವರೆಗೆ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಗೋಡಂಬಿ, ಬಾದಾಮಿ ಕೊಡಬೇಡಿ. ಪುಡಿ ಮಾಡಿ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ, ಖರ್ಜೂರದ ಬೀಜ ತೆಗೆದು ಚೂರು ಮಾಡಿ ಕೊಡಿ. ಆಟಿಕೆ, ರಿಮೋಟುಗಳಲ್ಲಿರುವ ನಾಣ್ಯದಂತಹ ಬ್ಯಾಟರಿಯ ಬಗ್ಗೆ ಅತ್ಯಂತ ಜಾಗ್ರತೆ ಬೇಕು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಆಳವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನವಿದ್ದರೂ ಸಾಕು, ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು.

ಆದ ಮೇಲೆ

ಎಷ್ಟು ಜಾಗ್ರತೆ ವಹಿಸಿದರೂ ಕೆಲವೊಮ್ಮೆ ಆಗಿಬಿಡುತ್ತದೆ. ಆಗ ಏನು ಮಾಡಬೇಕೆಂದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಬೇಕು. ಸುಟ್ಟಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ಕಾಫಿ ಪುಡಿ, ಮೊಟ್ಟೆ, ತುಪ್ಪ ಯಾವುದನ್ನೂ ಹಚ್ಚಬೇಡಿ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಮಂಜುಗಡ್ಡೆ ಬೇಡ. ಸೀಮೆಎಣ್ಣೆ ಅಥವಾ ಆ್ಯಸಿಡ್ ಕುಡಿದ ಮಗುವಿಗೆ ವಾಂತಿ ಮಾಡಿಸಲೇಬಾರದು. ವಾಂತಿಯಾಗುವಾಗ ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ, ಆ್ಯಸಿಡ್ ಎರಡನೇ ಸಲ ಸುಡುತ್ತದೆ. ಕುಡಿದ ಬಾಟಲಿಯನ್ನು, ನುಂಗಿದ ಮಾತ್ರೆಯ ಪಟ್ಟಿಯನ್ನು ಜೊತೆಗೇ ಆಸ್ಪತ್ರೆಗೆ ಕೊಂಡೊಯ್ಯಿರಿ. ಗಂಟಲಲ್ಲಿ ಏನಾದರೂ ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ ಉಸಿರು ಕಟ್ಟಿದರೆ, ಒಂದು ವರ್ಷದೊಳಗಿನ ಕೂಸನ್ನು ತಲೆ ತಗ್ಗಿಸಿ ಮುಂದೋಳಿನ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮೇಲೆ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಏಟು ಕೊಡಿ. ಬೀಳದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಿ, ಹೀಗೆಯೇ ಮುಂದುವರಿಸಿ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ. 108 ಮತ್ತು 112 ಈ ಎರಡು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ವಿದ್ಯಾರ್ಥಿಗಳಿಗೆ ಮತ್ತು ಸಂಘಕ್ಕೆ

ವಿದ್ಯಾರ್ಥಿಗಳೇ, ನಿಮಗೆ ಒಂದು ಕೆಲಸ ಕೊಡುತ್ತೇನೆ. ಇಂದು ಮನೆಗೆ ಹೋದ ಮೇಲೆ ನೆಲದ ಮೇಲೆ ಮೊಣಕಾಲೂರಿ, ಮಗು ತೆವಳುವ ಹಾಗೆ ಎಲ್ಲ ಕೋಣೆಗಳನ್ನು ಸುತ್ತಿ. ನಗುವವರು ನಗಲಿ. ನಿಂತು ನೋಡುವಾಗ ಕಾಣದ ತಂತಿ, ಮೊಳೆ, ಬಿದ್ದ ಮಾತ್ರೆ, ಮಂಚದ ಕೆಳಗಿನ ಇಲಿ ಪಾಷಾಣ ಎಲ್ಲವೂ ಕಾಣುತ್ತವೆ. ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ತಂದೆಯ ಕೈಗೆ ಕೊಡಿ. ಇಂಜಿನಿಯರಿಂಗ್, ಐಟಿಐ ಓದುತ್ತಿರುವವರು ರಜೆಯಲ್ಲಿ ನೆರೆಹೊರೆಯ ಐದೈದು ಮನೆಗಳಿಗೆ ಹೋಗಿ ಅರ್ತಿಂಗ್ ಮತ್ತು ಆರ್‌ಸಿಸಿಬಿ ಇದೆಯೇ ಎಂದು ನೋಡಿ ಹೇಳಬಹುದು. ನರ್ಸಿಂಗ್, ವೈದ್ಯಕೀಯ ಓದುವ ಹೆಣ್ಣುಮಕ್ಕಳು ತಾಯಂದಿರಿಗೆ ಪ್ರಥಮ ಚಿಕಿತ್ಸೆಯನ್ನು ಗೊಂಬೆಯ ಮೇಲೆ ಮಾಡಿ ತೋರಿಸಬಹುದು. ದಾರಿಯಲ್ಲಿನ ಮುಳ್ಳನ್ನು ಸರಿಸುವುದೂ ಈಮಾನಿನ ಒಂದು ಭಾಗವೆಂದು ಕಲಿತವರು ನಾವು. ತೊಟ್ಟಿಲಿನ ದಾರಿಯಲ್ಲಿರುವ ಮುಳ್ಳು ಅದಕ್ಕಿಂತ ಸಣ್ಣದೇ?

ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಎರಡು. ನಮ್ಮ ವ್ಯಾಪ್ತಿಯಲ್ಲಿ ಬಾವಿಗೆ ಜಾಲರಿ, ಸಂಪಿಗೆ ಮುಚ್ಚಳ ಹಾಕಿಸಲು ಶಕ್ತಿಯಿಲ್ಲದ ಕುಟುಂಬಗಳಿವೆ. ಪುಸ್ತಕ, ಸಮವಸ್ತ್ರ ಕೊಡುವಂತೆಯೇ ಇದಕ್ಕೂ ಒಂದು ಸಣ್ಣ ನಿಧಿ ಇರಲಿ. ಎರಡನೆಯದು, ಮದ್ರಸದ ತರಗತಿ ಮುಗಿದ ಮೇಲೆ ಬೆಳಗಿನ ಹೊತ್ತು ಖಾಲಿ ಬೀಳುವ ಒಂದು ಕೋಣೆಯಲ್ಲಿ, ಕೂಲಿಗೆ ಹೋಗುವ, ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗಾಗಿ ನಾಲ್ಕು ಗಂಟೆಗಳ ಒಂದು 'ಸೆರಗು' ತೆರೆಯಲು ಸಾಧ್ಯವೇ ಎಂದು ಯೋಚಿಸಿ. ಮುಂದಿನ ವರ್ಷಗಳಲ್ಲಿ ನಾವು ಪ್ರತಿಭಾ ಪುರಸ್ಕಾರ ಕೊಡಬೇಕಾದ ಮಕ್ಕಳಲ್ಲಿ ಕೆಲವರು ಇಂದು ಯಾವುದೋ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಾರೆ. ಅವರು ಈ ವೇದಿಕೆಯವರೆಗೆ ಸುರಕ್ಷಿತವಾಗಿ ಬಂದು ತಲುಪಬೇಕು.

ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಆ ಅಮಾನತನ್ನು ಕಾಪಾಡುವ ವಿವೇಕವನ್ನೂ, ಇಂದು ಕೇಳಿದ್ದರಲ್ಲಿ ಒಂದನ್ನಾದರೂ ಇಂದೇ ಮಾಡಿ ಮುಗಿಸುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಿಗೆ ಸಹನೆಯನ್ನೂ ಅದರ ಪ್ರತಿಫಲವನ್ನೂ ಕರುಣಿಸಲಿ. ಆಮೀನ್.

ವಸ್ಸಲಾಮು ಅಲೈಕುಮ್ ವರಹ್ಮತುಲ್ಲಾಹಿ ವಬರಕಾತುಹು.